ಸೊನ್ನೆ ತೆಗೆದ ಹುಡುಗರ ಚರಿತ್ರೆ

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಹುಡುಗನೊಬ್ಬ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಅವನ ಶಾಲೆಯ ಓದು ಅಲ್ಲಿಗೇ ಮುಗಿಯಿತು. ಆ ಹುಡುಗನೇ ಮುಂದೆ ಪತ್ರಕರ್ತ, ಚಿಂತಕ ಡಿ.ವಿ.ಗುಂಡಪ್ಪನವರಾದರು. 1974ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. 1943ರಲ್ಲಿ ಬಂದ ತಮ್ಮ ಪ್ರಸಿದ್ಧ ಕಾವ್ಯದಲ್ಲಿ ಅವರು ಬದುಕಿನ ತಿಳಿವಳಿಕೆಯನ್ನೆಲ್ಲ ಯಾರ ಹೆಸರಿನಲ್ಲಿ ಹೇಳಿದರು? ಪಂಡಿತನ ಹೆಸರಿನಲ್ಲಲ್ಲ, ಮಂಕುತಿಮ್ಮನ ಹೆಸರಿನಲ್ಲಿ. ಊರವರು ದಡ್ಡನೆಂದು ತಳ್ಳಿದವನ ಬಾಯಲ್ಲೂ ಬೆಳಕಿನ ಮಾತು ಇರಬಹುದೆಂಬ ನಂಬಿಕೆ ಆ ಹೆಸರಿನಲ್ಲೇ ಇದೆ.

ಅದೇ ಮುಳಬಾಗಿಲು, ಕೋಲಾರ, ಮಾಲೂರು, ಶ್ರೀನಿವಾಸಪುರಗಳ ಮಕ್ಕಳಿಗೆ ಇನ್ನೊಬ್ಬ ಮಂಕುತಿಮ್ಮ ಚಿರಪರಿಚಿತ. ಅವನು ಜಪಾನಿನವನು, ಹೆಸರು ನೊಬಿತಾ. ಪರೀಕ್ಷೆಯಲ್ಲಿ ಸೊನ್ನೆ, ಓಟದಲ್ಲಿ ಕೊನೆ, ಶಾಲೆಗೆ ದಿನವೂ ತಡ. ಅವನನ್ನು ತಿದ್ದಲು ಇಪ್ಪತ್ತೆರಡನೇ ಶತಮಾನದಿಂದ ಬಂದ ಬೆಕ್ಕಿನ ರೂಪದ ಯಂತ್ರಮಾನವ ಡೋರೆಮಾನ್. ಆ ಬೆಕ್ಕಿನ ಹೊಟ್ಟೆಯ ಜೇಬಿನಿಂದ ದಿನಕ್ಕೊಂದು ಮಾಯಾ ಸಾಧನ ಹೊರಬರುತ್ತದೆ. 2005ರಲ್ಲಿ ಹಂಗಾಮಾ ವಾಹಿನಿಯ ಮೂಲಕ ಭಾರತದ ಮನೆಗಳಿಗೆ ಬಂದ ಈ ಧಾರಾವಾಹಿಯನ್ನು ನೋಡುತ್ತಾ ಒಂದು ಪೀಳಿಗೆಯೇ ಬೆಳೆಯಿತು. ಹಿರಿಯರು ಇದನ್ನು ಹೊತ್ತು ಕಳೆಯುವ ಕಾರ್ಟೂನ್ ಎಂದು ಬದಿಗಿಟ್ಟರು. ಆದರೆ ಇದರ ಹಿಂದೊಂದು ಚರಿತ್ರೆ ಇದೆ.

ಇದನ್ನು ಸೃಷ್ಟಿಸಿದ ಹಿರೋಶಿ ಫುಜಿಮೊಟೊ ಹುಟ್ಟಿದ್ದು 1933ರಲ್ಲಿ. ಜಪಾನ್ ಯುದ್ಧದಲ್ಲಿ ಸೋತಾಗ ಅವರಿನ್ನೂ ಬಾಲಕ. ಸೋತ ದೇಶ ಮೇಲೇಳಲು ಹಿಡಿದ ದಾರಿಗಳಲ್ಲಿ ಶಾಲೆಯೂ ಒಂದು. ಒಳ್ಳೆಯ ಅಂಕ, ಒಳ್ಳೆಯ ಕಾಲೇಜು, ಒಳ್ಳೆಯ ಕಂಪನಿ ಎಂಬ ಏಣಿಯಲ್ಲಿ ಮಕ್ಕಳು ಉಸಿರು ಬಿಡದೆ ಹತ್ತಬೇಕಾಯಿತು. ಇಂಥ ಕಾಲದಲ್ಲಿ, 1970ರ ಜನವರಿ ಸಂಚಿಕೆಯಿಂದ, ಡೋರೆಮಾನ್ ಚಿತ್ರಕಥೆ ಆರಂಭವಾಯಿತು. ಅದು ಮೊದಲು ಪ್ರಕಟವಾದದ್ದು ಶಿಶುವಿಹಾರದ ಮಕ್ಕಳಿಂದ ನಾಲ್ಕನೇ ತರಗತಿಯವರೆಗಿನವರಿಗಾಗಿ ಹೊರಡುತ್ತಿದ್ದ ಆರು ಪತ್ರಿಕೆಗಳಲ್ಲಿ. ಒಂದೊಂದು ವಯಸ್ಸಿನವರಿಗೂ ಬೇರೆ ಬೇರೆ ಕಥೆ. 1973ರಲ್ಲಿ ಟಿ.ವಿ.ಗೆ ಬಂದ ಮೊದಲ ಪ್ರಯತ್ನ ಹೆಚ್ಚು ಕಾಲ ಉಳಿಯಲಿಲ್ಲ. 1979ರ ಎರಡನೇ ಪ್ರಯತ್ನ ಮಾತ್ರ ಮನೆಮಾತಾಯಿತು. 2008ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಈ ನೀಲಿ ಬೆಕ್ಕನ್ನೇ ದೇಶದ ಅನಿಮೆ ರಾಯಭಾರಿಯನ್ನಾಗಿ ನೇಮಿಸಿತು.

ಇದರ ಆಕರ್ಷಣೆ ಎಲ್ಲಿದೆ? ನಮ್ಮ ಹಿರಿಯರು ಓದಿದ ‘ಚಂದಮಾಮ’ದ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಆ ಪತ್ರಿಕೆಯ ಮಾಯೆ ಕಾಡು, ಅರಮನೆ, ಸ್ಮಶಾನಗಳಲ್ಲಿ ಇರುತ್ತಿತ್ತು. ಅಲ್ಲಿ ಮಾಂತ್ರಿಕ ಸಾಯುತ್ತಿದ್ದ, ರಾಜಕುಮಾರ ಗೆಲ್ಲುತ್ತಿದ್ದ. ಡೋರೆಮಾನನ ಮಾಯೆ ಇರುವುದು ಓದುವ ಮೇಜಿನ ಡ್ರಾಯರಿನಲ್ಲಿ, ಮನೆಪಾಠ ಮುಗಿಯದ ಸಂಜೆಯಲ್ಲಿ. ಇಲ್ಲಿ ಯಾರೂ ಸಾಯುವುದಿಲ್ಲ. ಕಾಟ ಕೊಡುವ ಜಿಯಾನ್ ಕೂಡ ಶತ್ರುವಲ್ಲ, ನಾಳೆ ಜೊತೆಗೇ ಆಡಬೇಕಾದ ಗೆಳೆಯ. ಇನ್ನೊಂದು ಮುಖ್ಯ ಮಾತೆಂದರೆ, ಮಾಯೆ ಇಲ್ಲಿ ಸಾಮಾನ್ಯವಾಗಿ ಸೋಲುತ್ತದೆ. ದುರಾಸೆಗೆ ಬಿದ್ದ ನೊಬಿತಾ ಪೇಚಿಗೆ ಸಿಕ್ಕಿ ಅಳುತ್ತಾನೆ, ಮಕ್ಕಳು ನಗುತ್ತಾರೆ. ಆದರೆ ಆ ನಗುವಿನಲ್ಲಿ ತಿರಸ್ಕಾರವಿಲ್ಲ, ಏಕೆಂದರೆ ನಗುವವರಿಗೂ ನಾಳೆ ಶಾಲೆ ಇದೆ. ಒಂದು ಕಥೆಯಲ್ಲಿ, ಮುಂದೆ ನೊಬಿತಾನನ್ನು ಮದುವೆಯಾಗಲಿರುವ ಹುಡುಗಿಗೆ ಅವಳ ತಂದೆ ಧೈರ್ಯ ಹೇಳುತ್ತಾನೆ. ಪರರ ಸುಖಕ್ಕೆ ಹಿಗ್ಗುವ, ಪರರ ನೋವಿಗೆ ಕುಗ್ಗುವ ಮನಸ್ಸು ಅವನದು ಎಂಬುದೇ ಆ ಧೈರ್ಯ. ಯಾವ ಅಂಕಪಟ್ಟಿಯಲ್ಲೂ ಇಲ್ಲದ ವಿಷಯ ಅದು.

ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಭೂಗರ್ಭಶಾಸ್ತ್ರ ಓದಿ ಕೆಲಕಾಲ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಕೆಲಸ ಮಾಡಿದ ಟಿ.ಪಿ.ಕೈಲಾಸಂ ನೂರು ವರ್ಷಗಳ ಹಿಂದೆಯೇ ‘ಟೊಳ್ಳು ಗಟ್ಟಿ’ ನಾಟಕದಲ್ಲಿ ಇದನ್ನು ನಗಿಸುತ್ತಾ ಹೇಳಿದ್ದರು. ಓದಿನಲ್ಲಿ ಮುಂದಿರುವ ಹುಡುಗ ಒಬ್ಬ, ಪರೀಕ್ಷೆಯಲ್ಲಿ ನಪಾಸಾದವನು ಇನ್ನೊಬ್ಬ. ಮನೆಗೆ ಬೆಂಕಿ ಬಿದ್ದಾಗ ಮನೆಯವರಿಗಾಗಿ ನುಗ್ಗುವವನು ನಪಾಸಾದವನೇ. ತುರ್ಕಿಯಿಂದ ಮಧ್ಯ ಏಷ್ಯಾದವರೆಗೆ, ಅಲ್ಲಿಂದ ನಮ್ಮ ಹಳ್ಳಿಗಳವರೆಗೆ ಜನರನ್ನು ನಗಿಸಿದ ಮುಲ್ಲಾ ನಸ್ರುದ್ದೀನನೂ ಇದೇ ಬಳಗದವನು. ಮುಲ್ಲಾ, ಹೋಜಾ ಎಂದರೆ ಕಲಿಸುವ ಗುರು. ಆ ಗುರುವೇ ಪೆದ್ದನಂತೆ ವರ್ತಿಸಿ ಸುಲ್ತಾನನ ಮುಂದೆ ಸತ್ಯ ಹೇಳುತ್ತಾನೆ.

ಇಂಥ ಮೃದು ಹಾಸ್ಯದ ಮೇಲೂ ದೂರುಗಳು ಬಂದಿವೆ. ಹಿಂದಿಯಲ್ಲಿ ಬರುವ ಡೋರೆಮಾನ್ ನೋಡಿ ಮಕ್ಕಳು ಬಂಗಾಳಿ ಮರೆಯುತ್ತಿದ್ದಾರೆಂದು 2013ರಲ್ಲಿ ಬಾಂಗ್ಲಾದೇಶ ಅದರ ಪ್ರಸಾರ ನಿಲ್ಲಿಸಿತು. 2016ರಲ್ಲಿ ಪಾಕಿಸ್ತಾನದ ಪಂಜಾಬ್ ವಿಧಾನಸಭೆಯಲ್ಲೂ ಅದರ ವಿರುದ್ಧ ನಿರ್ಣಯ ಮಂಡನೆಯಾಯಿತು. ಭಾಷೆಯ ಈ ಆತಂಕವನ್ನು ಕೋಲಾರ ಜಿಲ್ಲೆ ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲದು. ಮನೆಯಲ್ಲಿ ದಖ್ಖನಿ ಉರ್ದು ಇಲ್ಲವೇ ತೆಲುಗು, ಬೀದಿಯಲ್ಲಿ ತಮಿಳೂ ಸೇರಿದ ಮಾತು, ಶಾಲೆಯಲ್ಲಿ ಕನ್ನಡ. ಪರದೆಯ ನಗು ಮಾತ್ರ ಬಹುಕಾಲ ಕನ್ನಡದಲ್ಲಿ ಇರಲಿಲ್ಲ. 2009ರಲ್ಲಿ ಚಿಂಟು ಟಿ.ವಿ. ಬಂದ ಮೇಲೆ ಕಾರ್ಟೂನುಗಳು ಕನ್ನಡ ಮಾತಾಡತೊಡಗಿದವು. ಡಬ್ಬಿಂಗ್ ತಡೆಯುತ್ತಿದ್ದವರ ವಿರುದ್ಧ ಭಾರತ ಸ್ಪರ್ಧಾ ಆಯೋಗ ಆದೇಶ ನೀಡಿದ್ದು 2015ರಲ್ಲಿ. ಅಷ್ಟರಲ್ಲಿ ನಮ್ಮ ಮಕ್ಕಳು ಬೇರೆ ಭಾಷೆಗಳಲ್ಲಿ ನಗುವುದನ್ನು ಕಲಿತಿದ್ದರು. ಮಗು ಯಾವ ಭಾಷೆಯಲ್ಲಿ ನಗುತ್ತದೆಯೋ ಆ ಭಾಷೆಯೇ ಅದಕ್ಕೆ ಆಪ್ತವಾಗುತ್ತದೆ. ನಿಷೇಧ ಇದಕ್ಕೆ ಉತ್ತರವಲ್ಲ. ಕನ್ನಡದಲ್ಲೂ ಅಂಥ ನಗು ಹುಟ್ಟಬೇಕು, ಅದಕ್ಕೆ ಬೇಕಾದ ಬಂಡವಾಳ ನಮ್ಮಲ್ಲಿ ಆಗಲೇ ಇದೆ.

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾವು ಜಿಲ್ಲೆಗಳ ಸ್ಥಾನಪಟ್ಟಿ ನೋಡುತ್ತೇವೆ. ಮೊದಲ ಸ್ಥಾನ ಬಂದವರಿಗೆ ಸಿಹಿ ತಿನ್ನಿಸುವ ಚಿತ್ರ ಅಚ್ಚಾಗುತ್ತದೆ. ಅದರ ಜೊತೆಗೇ, ನಪಾಸಾದ ಅವಮಾನ ತಾಳದೆ ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿಯೂ ಬರುತ್ತದೆ. ಆ ಹೊತ್ತಿನಲ್ಲಿ ಮಗುವಿಗೆ ಬೇಕಾದದ್ದು ಹೆಚ್ಚೇನಲ್ಲ. ಸೊನ್ನೆ ತಂದ ದಿನವೂ ಬಾಗಿಲು ತೆರೆದಿರುವ ಒಂದು ಮನೆ, ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯ. ಡೋರೆಮಾನನ ಜೇಬಿನ ಸಾಧನಗಳು ನಮ್ಮ ಬಳಿ ಇಲ್ಲದಿರಬಹುದು. ಆದರೆ ಹಾಗೆ ಪಕ್ಕದಲ್ಲಿ ಕೂರುವುದಕ್ಕೆ ಯಾವ ಸಾಧನವೂ ಬೇಕಿಲ್ಲ.