ಲಿನ್‌ಆನ್ ರಾಜಧಾನಿಯ ವಿಹಾರ ವ್ಯವಸ್ಥೆ

ಚೀನದ ಇಂದಿನ ಹಾಂಗ್‌ಝೌ ನಗರವು, ಉತ್ತರದ ಕೈಫೆಂಗ್ 1127ರಲ್ಲಿ ಜುರ್ಚೆನ್ನರ ವಶವಾದ ಬಳಿಕ ದಕ್ಷಿಣಕ್ಕೆ ಸರಿದ ಸೋಂಗ್ ಅರಸರಿಗೆ 1138ರಿಂದ 1276ರವರೆಗೆ ಲಿನ್‌ಆನ್ ಎಂಬ ಹೆಸರಿನಲ್ಲಿ ರಾಜಧಾನಿಯಾಗಿತ್ತು. ಕಳೆದುಹೋದ ಉತ್ತರವನ್ನು ಮರಳಿ ಗೆಲ್ಲುವ ಆಸೆಯಿಂದ ಆಸ್ಥಾನವು ಅದನ್ನು ಅರಸನ ತಾತ್ಕಾಲಿಕ ಬೀಡೆಂದೇ ಕರೆಯುತ್ತಿತ್ತಾದರೂ, ಅಲ್ಲಿ ಬೆಳೆದ ವಿಹಾರದ ಏರ್ಪಾಡುಗಳಲ್ಲಿ ತಾತ್ಕಾಲಿಕತೆಯ ಸುಳಿವೇ ಇರಲಿಲ್ಲ.

ಈ ಏರ್ಪಾಡು ನಗರವನ್ನು ಪ್ರವೇಶಿಸುವ ಮೊದಲೇ ಆರಂಭವಾಗುತ್ತಿತ್ತು. ಬಿಳಿ ಗೋಪುರದ ಸೇತುವೆಯ ಬಳಿ, ರಾಜಧಾನಿಯ ದಾರಿಯಲ್ಲಿರುವ ತಂಗುದಾಣಗಳನ್ನೂ ಅವುಗಳ ನಡುವಿನ ದೂರವನ್ನೂ ತೋರಿಸುವ ಅಚ್ಚಿನ ನಕ್ಷೆ ಮಾರಾಟವಾಗುತ್ತಿತ್ತು. ಲಿನ್‌ಆನ್‌ಗೆ ಹೊರಟ ಅಧಿಕಾರಿಗಳು ಅದನ್ನು ತಪ್ಪದೆ ಕೊಳ್ಳುತ್ತಿದ್ದರು. ನಕ್ಷೆಯು ಲಿನ್‌ಆನ್‌ನ ದಾರಿಯನ್ನಷ್ಟೇ ಎಣಿಸುತ್ತದೆ, ಉತ್ತರದ ತಾಯ್ನೆಲಕ್ಕೆ ಎಷ್ಟು ಹಾದಿಯೆಂದು ಹೇಳುವುದಿಲ್ಲ ಎಂದು ಕವಿಯೊಬ್ಬ ಚುಚ್ಚಿದ್ದುಂಟು.

ನಗರದ ಪಶ್ಚಿಮಕ್ಕಿರುವ ಸರೋವರದ ಹೂಳನ್ನು, ಹಿಂದೆ ಇಲ್ಲಿ ಆಡಳಿತಾಧಿಕಾರಿಯಾಗಿದ್ದ ಕವಿ ಸು ಶಿ 1090ರಲ್ಲಿ ತೆಗೆಸಿ, ಆ ಮಣ್ಣಿನಿಂದಲೇ ಸುಮಾರು 2.8 ಕಿಲೋಮೀಟರ್ ಉದ್ದದ ಏರಿ ಕಟ್ಟಿಸಿದ್ದನು. ಜನರ ವಿಹಾರಕ್ಕೆ ಈ ಸರೋವರವೇ ಮುಖ್ಯ ನೆಲೆಯಾಯಿತು. ನಗರದ ಜೀವನವನ್ನು ದಾಖಲಿಸಿದ ವು ಝಿಮು ಹೇಳುವಂತೆ, ದೊಡ್ಡ ದೋಣಿಗಳಲ್ಲಿ ನೂರು ಜನರವರೆಗೆ ಕುಳಿತುಕೊಳ್ಳಬಹುದಿತ್ತು. ಬೇಕಾದ ಸಾಮಾನನ್ನೆಲ್ಲ ದೋಣಿಯವನೇ ಅಣಿಗೊಳಿಸುತ್ತಿದ್ದುದರಿಂದ, ಬೆಳಿಗ್ಗೆ ಬರಿಗೈಯಲ್ಲಿ ಹತ್ತಿದವರು ಸಂಜೆಯವರೆಗೂ ಯಾವ ಕೊರತೆಯಿಲ್ಲದೆ ಕಾಲ ಕಳೆಯಬಹುದಿತ್ತು. ಹಿರಿಯರ ಸಮಾಧಿಗಳನ್ನು ಗುಡಿಸಿ ಪೂಜಿಸುವ ವಸಂತದ ಛಿಂಗ್‌ಮಿಂಗ್ ಹಬ್ಬದಂತಹ ದಿನಗಳಿಗೆ ಮಾತ್ರ ದೋಣಿಯನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳಬೇಕಿತ್ತು. ಎಂಟನೆಯ ಚಾಂದ್ರಮಾಸದ 18ರಂದು ಛಿಯೆನ್‌ಟಾಂಗ್ ನದಿಗೆ ಎದುರಾಗಿ ಗೋಡೆಯಂತೆ ನುಗ್ಗುವ ಸಮುದ್ರದ ಉಬ್ಬರವನ್ನು ನೋಡಲು ಜನ ಸೇರುತ್ತಿದ್ದಾಗಲೂ, ದಡದಲ್ಲಿ ಕೂರುವ ಜಾಗಗಳು ಬಾಡಿಗೆಗೆ ಹೋಗುತ್ತಿದ್ದವು.

ಔತಣ ನಡೆಸುವವರಿಗೆ ‘ನಾಲ್ಕು ಶಾಖೆ, ಆರು ವಿಭಾಗ’ ಎಂಬ ಗುತ್ತಿಗೆಯ ಸೇವೆ ದೊರೆಯುತ್ತಿತ್ತು. ಪರದೆ ಮತ್ತು ಆಸನ, ಅಡುಗೆ, ಚಹಾ ಮತ್ತು ಮದ್ಯ, ತಟ್ಟೆಗಳ ಉಸ್ತುವಾರಿ ಶಾಖೆಗಳದಾದರೆ, ಹಣ್ಣು, ಸಿಹಿ, ತರಕಾರಿ, ದೀಪ, ಸುಗಂಧ, ಅಲಂಕಾರ ಆರು ವಿಭಾಗಗಳ ಪಾಲಿಗಿದ್ದವು. ಸಿರಿವಂತರ ಮನೆಗಳಲ್ಲಿದ್ದ ಈ ಪದ್ಧತಿ ಪೇಟೆಯಲ್ಲಿ ಹಣ ತೆರಬಲ್ಲ ಯಾರಿಗಾದರೂ ದಕ್ಕುತ್ತಿತ್ತು. ತೋಟವಿರಲಿ, ದೇವಾಲಯವಿರಲಿ, ದೋಣಿಯಿರಲಿ, ಹೇಳಿದಲ್ಲಿ ಔತಣ ಸಿದ್ಧವಾಗುತ್ತಿತ್ತು.

ನಾಟಕ, ಕಥನ, ಕುಸ್ತಿ, ಬೊಂಬೆಯಾಟಗಳಿಗೆ ‘ವಾಝಿ’ ಎಂಬ ಮನರಂಜನೆಯ ಪೇಟೆಗಳಿದ್ದವು; ಅವುಗಳೊಳಗಿನ ಕಟಕಟೆ ಕಟ್ಟಿದ ರಂಗಸ್ಥಳವನ್ನು ‘ಗೌಲಾನ್’ ಎನ್ನುತ್ತಿದ್ದರು. ಲಿನ್‌ಆನ್‌ನಲ್ಲಿ ಇವು ಹುಟ್ಟಿದ್ದು ಸೇನೆಗಾಗಿ: ವಾಯವ್ಯದಿಂದ ಬಂದ ಸೈನಿಕರ ಬಿಡುವಿನ ವೇಳೆಗೆಂದು ಅಧಿಕಾರಿಗಳು ಇವನ್ನು ಕಟ್ಟಿಸಿದರು, ಬಳಿಕ ನಗರದ ಯುವಕರೂ ಅಲ್ಲಿ ನೆರೆಯತೊಡಗಿದರು.

ಸರೋವರದಲ್ಲಿ ದಿನವೂ ಕರಗುತ್ತಿದ್ದ ಹಣಕ್ಕೆ ಲೆಕ್ಕವಿರಲಿಲ್ಲವೆಂದು ಬರೆದ ಝೌ ಮಿ, ತನ್ನ ನಗರದ ನೆನಪುಗಳನ್ನು ಗ್ರಂಥವಾಗಿಸಿದ್ದು 1276ರಲ್ಲಿ ಲಿನ್‌ಆನ್ ಮಂಗೋಲರಿಗೆ ಶರಣಾದ ಮೇಲೆ.