ಬೆಂಗಳೂರು ಮುಸ್ಲಿಮ್ಸ್

ಬೆಂಗಳೂರು ಮುಸ್ಲಿಮ್ಸ್ ಬೆಂಗಳೂರು ನಗರದ ಹಳೆಯ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಒಂದಾಗಿತ್ತು. ೧೯೩೭ರಲ್ಲಿ ಇದು ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ೧೯೩೮ ಮತ್ತು ೧೯೪೮ರಲ್ಲಿಯೂ ಈ ಪ್ರಶಸ್ತಿಯನ್ನು ಪಡೆಯಿತು.

ಹಿನ್ನೆಲೆ

೧೮೦೯ರಲ್ಲಿ ಬೆಂಗಳೂರಿನ ದಂಡುಪ್ರದೇಶ ಸ್ಥಾಪನೆಯಾಯಿತು. ಅಲ್ಲಿ ನೆಲೆಸಿದ್ದ ಬ್ರಿಟಿಷ್ ಸೈನಿಕರಿಂದ ಕಾಲ್ಚೆಂಡಾಟವು ಸುತ್ತಲಿನ ಬಡಾವಣೆಗಳಿಗೆ ಹರಡಿತು. ಸ್ಥಳೀಯ ಯುವಕರು ಸಾಮಾನ್ಯವಾಗಿ ಬರಿಗಾಲಿನಲ್ಲಿಯೇ ಆಡುತ್ತಿದ್ದರು. ಇಂತಹ ವಾತಾವರಣದಲ್ಲಿ ಬೆಂಗಳೂರು ಮುಸ್ಲಿಮ್ಸ್, ಬೆಂಗಳೂರು ಕ್ರೆಸೆಂಟ್ಸ್ ಮೊದಲಾದ ತಂಡಗಳು ಬೆಳೆದವು.

ರೋವರ್ಸ್ ಕಪ್ ವಿಜಯಗಳು

೧೮೯೧ರಲ್ಲಿ ಆರಂಭವಾದ ರೋವರ್ಸ್ ಕಪ್ ದೀರ್ಘಕಾಲ ಬ್ರಿಟಿಷ್ ಸೇನಾತಂಡಗಳ ವಶದಲ್ಲಿತ್ತು. ೧೯೨೩ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ಅಂತಿಮ ಪಂದ್ಯವನ್ನು ತಲುಪಿದರೂ ಗೆಲ್ಲಲಿಲ್ಲ. ೧೯೩೭ರ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ೧–೦ ಗೋಲಿನಿಂದ ಸೋಲಿಸಿತು. ಮಹಮ್ಮಡನ್ ಸ್ಪೋರ್ಟಿಂಗ್ ೧೯೩೪ರಿಂದ ೧೯೩೮ರವರೆಗೆ ಸತತ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದ ತಂಡವಾದ್ದರಿಂದ ಈ ಗೆಲುವು ವಿಶೇಷ ಮಹತ್ವ ಪಡೆಯಿತು.

ಮರುವರ್ಷ ಬೆಂಗಳೂರಿನ ತಂಡವು ಸ್ಕಾಟ್ಲೆಂಡಿನ ಸೇನಾದಳವಾದ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ತಂಡವನ್ನು ಮಣಿಸಿ ಪ್ರಶಸ್ತಿಯನ್ನು ಉಳಿಸಿಕೊಂಡಿತು. ಆಟವನ್ನು ಕಲಿಸಿದವರ ಸೇನೆಯ ತಂಡವನ್ನೇ ಅಂತಿಮ ಪಂದ್ಯದಲ್ಲಿ ಸೋಲಿಸಿದ್ದು ಈ ವಿಜಯದ ವೈಶಿಷ್ಟ್ಯ. ೧೯೪೦ರ ಅಂತಿಮ ಪಂದ್ಯದಲ್ಲಿ ಮಹಮ್ಮಡನ್ ಸ್ಪೋರ್ಟಿಂಗ್ ತನ್ನ ಹಿಂದಿನ ಸೋಲಿಗೆ ಸೇಡು ತೀರಿಸಿಕೊಂಡಿತು. ಸ್ವಾತಂತ್ರ್ಯಾನಂತರ, ೧೯೪೮ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಮೂರನೆಯ ಬಾರಿ ಕಪ್ ಗೆದ್ದುಕೊಂಡಿತು.

ಆಟಗಾರರು

ಈ ಕ್ಲಬ್ಬಿನ ಪರವಾಗಿ ಆಡಿದವರಲ್ಲಿ ಅಹಮದ್ ಖಾನ್ (೧೯೨೬–೨೦೧೭) ಪ್ರಸಿದ್ಧರು. ಬೆಂಗಳೂರಿನಲ್ಲಿ ಜನಿಸಿದ ಇವರು ೧೯೪೮ ಮತ್ತು ೧೯೫೨ರ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ೧೯೫೧ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. ೧೯೪೯ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿ, ಅಲ್ಲಿ 'ಪಂಚ ಪಾಂಡವರು' ಎಂದು ಖ್ಯಾತರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು.

ಮಹತ್ವ

೧೯೧೧ರಲ್ಲಿ ಮೋಹನ್ ಬಗಾನ್ ಐ.ಎಫ್.ಎ. ಶೀಲ್ಡ್ ಗೆದ್ದುದು ಭಾರತೀಯ ಫುಟ್‌ಬಾಲ್ ಚರಿತ್ರೆಯಲ್ಲಿ ಬಹುವಾಗಿ ಸ್ಮರಿಸಲ್ಪಡುವ ಘಟನೆ. ಬೆಂಗಳೂರು ಮುಸ್ಲಿಮ್ಸ್ ಸಾಧನೆಗೆ ಅಷ್ಟು ಪ್ರಚಾರ ದೊರೆತಿಲ್ಲ. ಆದರೆ ಬೆಂಗಳೂರಿನ ಕ್ಲಬ್‌ಗಳು ಬೆಳೆಸಿದ ಆಟದ ಬಲವು ಮೈಸೂರು ತಂಡದಲ್ಲಿಯೂ ಕಂಡಿತು. ೧೯೪೬–೪೭ರಲ್ಲಿ ಬೆಂಗಳೂರಿನಲ್ಲಿಯೇ ನಡೆದ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಮೈಸೂರು ಬಂಗಾಳವನ್ನು ಸೋಲಿಸಿ ಮೊದಲ ಬಾರಿ ಪ್ರಶಸ್ತಿ ಪಡೆಯಿತು.

ರೋವರ್ಸ್ ಕಪ್ ಪಂದ್ಯಾವಳಿಯು ೨೦೦೦–೦೧ರ ನಂತರ ನಿಂತುಹೋಯಿತು. ಅದರ ವಿಜೇತರ ಪಟ್ಟಿಯಲ್ಲಿ ಬೆಂಗಳೂರು ಮುಸ್ಲಿಮ್ಸ್ ಹೆಸರು ಮೂರು ಬಾರಿ ದಾಖಲಾಗಿದೆ.