ಕಾಲೇಜು ರಂಗದ ನಗೆ ಮತ್ತು ನಮ್ಮ ಬೆರಕೆ ಕನ್ನಡ



ನಮ್ಮ ಸಂಘದ ಕಾಲೇಜು ವಿದ್ಯಾರ್ಥಿಗಳು ಈ ವರ್ಷ ಒಂದು ಹಾಸ್ಯನಾಟಕವನ್ನು ಆಡಲು ಹೊರಟಿದ್ದಾರೆ. ಆ ವಿಷಯ ಸಭೆಯಲ್ಲಿ ಪ್ರಸ್ತಾಪವಾದಾಗ ಹಿರಿಯರೊಬ್ಬರು, "ಆಡಲಿ, ಸಂತೋಷ, ಆದರೆ ಈ ಮಕ್ಕಳ ಬೆರಕೆ ಕನ್ನಡವನ್ನು ವೇದಿಕೆಯ ಮೇಲೆ ಕೇಳುವುದು ಹೇಗೆ?" ಎಂದರು. ಅವರ ಆತಂಕ ಸಹಜವಾದುದೇ. ಆದರೆ ಈ ಪ್ರಶ್ನೆಗೆ ಕನ್ನಡ ರಂಗಭೂಮಿಯ ಚರಿತ್ರೆ ಈಗಾಗಲೇ ಉತ್ತರ ಕೊಟ್ಟಿದೆಯೆಂದು ನನ್ನ ನಂಬಿಕೆ. ನಾನು ವೃತ್ತಿಯಿಂದ ವೈದ್ಯ, ಸಾಹಿತ್ಯದ ಪಂಡಿತನಲ್ಲ. ತಪ್ಪಿದ್ದರೆ ತಿದ್ದಬೇಕೆಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ.

ನಮ್ಮ ಆಧುನಿಕ ಹಾಸ್ಯನಾಟಕದ ಮೊದಲ ಹೆಜ್ಜೆಯೇ ಮನೆಮಾತಿನಲ್ಲಿ ಮೂಡಿದ್ದು. 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ವನ್ನು ಬರೆದರು. ಉತ್ತರ ಕನ್ನಡದ ಹವ್ಯಕ ಸಮಾಜದಲ್ಲಿ ಅಂದು ರೂಢಿಯಲ್ಲಿದ್ದ ಕನ್ಯಾವಿಕ್ರಯವೇ ಅದರ ವಸ್ತು. ಹಣ ಪಡೆದು ಹೆಣ್ಣು ಕೊಡುವವರನ್ನು ಶಾಸ್ತ್ರಿಗಳು ದೂರದಲ್ಲಿ ನಿಂತು ಬೈಯಲಿಲ್ಲ. ಅದೇ ಸಮಾಜದವರಾಗಿ, ಹವ್ಯಕರ ಆಡುಮಾತನ್ನೇ ಪಾತ್ರಗಳ ಬಾಯಲ್ಲಿಟ್ಟು ನಗಿಸಿದರು. ಓದುಗನು ನಕ್ಕ ಮೇಲೆ, ನಕ್ಕದ್ದು ತನ್ನ ಮನೆಯ ಕಥೆಗೇ ಎಂಬುದು ಅವನಿಗೆ ಹೊಳೆಯದೆ ಇರದು.

ಆದರೂ ಆ ಕಾಲದ ರಂಗಭೂಮಿ ಬೇರೆಯೇ ಹಾದಿಯಲ್ಲಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆ ಮೊದಲಾದ ವೃತ್ತಿ ಮಂಡಳಿಗಳು ಹಾಡು, ಪರದೆ, ಪೌರಾಣಿಕ ಕಥೆಗಳಿಂದ ಜನರನ್ನು ರಾತ್ರಿಯೆಲ್ಲ ಹಿಡಿದು ಕೂರಿಸುತ್ತಿದ್ದವು. ಅಷ್ಟು ವೈಭವವನ್ನು ಕಾಲೇಜಿನ ಹುಡುಗರು ತರುವುದೆಲ್ಲಿಂದ? 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಸ್ಥಾಪನೆಯಾಗಿ ಹವ್ಯಾಸಿಗಳಿಗೆ ಒಂದು ನೆಲೆ ದೊರೆಯಿತು. ನೆಲೆಯೇನೋ ಸಿಕ್ಕಿತು, ಅವರ ಅಳತೆಗೆ ಹೊಂದುವ ನಾಟಕ ಮಾತ್ರ ಇನ್ನೂ ಬರಬೇಕಾಗಿತ್ತು.

ಅದನ್ನು ಕೊಟ್ಟವರು ಟಿ. ಪಿ. ಕೈಲಾಸಂ. ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ಪರಮಶಿವ ಅಯ್ಯರ್ ಅವರ ಮಗ, ಮನೆಮಾತು ತಮಿಳು. ಲಂಡನ್ನಿನಲ್ಲಿ ಭೂವಿಜ್ಞಾನ ಓದುತ್ತಾ, ಅಲ್ಲಿಯ ರಂಗಮಂದಿರಗಳನ್ನು ಕಣ್ತುಂಬ ನೋಡಿ, 1915ರಲ್ಲಿ ತಾಯ್ನಾಡಿಗೆ ಮರಳಿದರು. ಕೆಲಕಾಲ ಸರ್ಕಾರಿ ನೌಕರಿ ಮಾಡಿ ಅದನ್ನೂ ಬಿಟ್ಟರು. ಮೊದಲನೆಯ ಮಹಾಯುದ್ಧ ಮುಗಿದ ಆಸುಪಾಸಿನ ವರ್ಷಗಳಲ್ಲಿ ಅವರ 'ಟೊಳ್ಳುಗಟ್ಟಿ' ಬೆಂಗಳೂರಿನ ರಂಗವನ್ನೇರಿತು. ಅಲ್ಲಿ ರಾಜನಿಲ್ಲ, ದೇವತೆಗಳಿಲ್ಲ. ಇರುವುದು ಒಂದು ಮಧ್ಯಮ ವರ್ಗದ ಮನೆ, ಇಬ್ಬರು ಮಕ್ಕಳು. ಒಬ್ಬ ಪರೀಕ್ಷೆಯಲ್ಲಿ ಗಟ್ಟಿಗ, ಬಾಳಿನಲ್ಲಿ ಟೊಳ್ಳು. ಇನ್ನೊಬ್ಬ ಪರೀಕ್ಷೆಯಲ್ಲಿ ಹಿಂದು, ಮನೆಯವರ ಕಷ್ಟಕ್ಕೆ ಮುಂದು.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಇಂಥ ನಾಟಕಗಳನ್ನು ಆಡಿದವರೂ ನೋಡಿದವರೂ ಬಹುಮಟ್ಟಿಗೆ ಪರೀಕ್ಷೆಯ ಬೆನ್ನು ಹತ್ತಿದ್ದ ವಿದ್ಯಾವಂತರೇ. ಕೈಲಾಸಂ ಅವರನ್ನೇ ಕುರಿತು, ಅವರ ಬಾಯಿಂದಲೇ ನಗಿಸಿದರು. ಅದಕ್ಕೆ ಬಳಸಿದ ಭಾಷೆಯೂ ಅವರದೇ: ಇಂಗ್ಲಿಷ್ ಪದಗಳಿಗೆ ಕನ್ನಡದ ಪ್ರತ್ಯಯ ಅಂಟಿಸಿ, ಅರ್ಧ ಇಲ್ಲಿ ಅರ್ಧ ಅಲ್ಲಿ ಓಡಾಡುವ ಬೆಂಗಳೂರಿನ ಮಾತು. ಇದು ಕನ್ನಡವೇ ಎಂದು ಮೂಗು ಮುರಿದ ಶಿಷ್ಟರು ಅಂದೂ ಇದ್ದರು. ಅದೇ ಕೈಲಾಸಂ ಕರ್ಣ, ಏಕಲವ್ಯರ ಗಂಭೀರ ನಾಟಕಗಳನ್ನು ಬರೆದದ್ದು ಇಂಗ್ಲಿಷಿನಲ್ಲಿ. ನಗುವಿಗೆ ಮಾತ್ರ ಅವರಿಗೆ ಬೀದಿಯ ಕನ್ನಡವೇ ಬೇಕಾಯಿತು. ನಾಟಕಗಳನ್ನು ಅವರು ತಾವೇ ಕುಳಿತು ಬರೆಯುತ್ತಿದ್ದುದು ಕಡಿಮೆ. ಬಾಯಲ್ಲಿ ಆಡಿ ತೋರಿಸುತ್ತಿದ್ದರು, ಶಿಷ್ಯರೂ ಗೆಳೆಯರೂ ಬರೆದುಕೊಳ್ಳುತ್ತಿದ್ದರು. ಆದ್ದರಿಂದಲೇ ಆ ಸಂಭಾಷಣೆಗಳಲ್ಲಿ ಉಸಿರಿನ ಏರಿಳಿತ ಉಳಿದಿದೆ. ಮೂಗು ಮುರಿದ ಕಾಲ ಕಳೆಯಿತು. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನೇ ಅಧ್ಯಕ್ಷಪೀಠದಲ್ಲಿ ಕೂರಿಸಿತು. ಮರುವರ್ಷ, 1946ರಲ್ಲಿ, ಅವರು ತೀರಿಕೊಂಡರು.

ಮೂರು ನಾಲ್ಕು ಪಾತ್ರ, ಒಂದು ನಡುಮನೆ, ಎರಡು ಕುರ್ಚಿ, ಒಂದು ಸಂಜೆ ಇಷ್ಟರಲ್ಲೇ ಮುಗಿಯುವ ಈ ನಾಟಕಗಳು ಮುಂದಿನ ತಲೆಮಾರುಗಳ ಕಾಲೇಜು ವಾರ್ಷಿಕೋತ್ಸವಗಳ ಆಸ್ತಿಯಾದವು. ನಾನು ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ನಮ್ಮ ಹಾಸ್ಟೆಲಿನ ಹುಡುಗರೂ 'ಬಂಡ್ವಾಳ್ವಿಲ್ಲದ ಬಡಾಯಿ'ಯನ್ನು ಆಡಿದೆವು. ಬಡಾಯಿಯ ವಕೀಲ ಅಹೋಬ್ಲುವಿನ ಪಾತ್ರ ಗೆಳೆಯನಿಗೆ. ಅಹೋಬ್ಲುವಿನ ಹೆಂಡತಿಯ ಪಾತ್ರ, ಎರವಲು ಸೀರೆಯೊಡನೆ, ನನ್ನ ಪಾಲಿಗೆ. ಆ ರಾತ್ರಿ ಬಿದ್ದು ಬಿದ್ದು ನಕ್ಕೆವು. ಮುಂದೆ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡುವಾಗ, ತಿಳಿಯದ್ದನ್ನು ತಿಳಿದಂತೆ ನಟಿಸುವ ಆಸೆ ಬಂದಾಗಲೆಲ್ಲ ಅಹೋಬ್ಲು ನೆನಪಾಗಿ ನಾಲಗೆ ತಡೆಯುತ್ತಿತ್ತು. ಬೋಧನೆಯಿಂದ ಆಗದ ಕೆಲಸ ಆ ನಗೆಯಿಂದ ಆಗಿತ್ತು.

ಕೈಲಾಸಂ ಬೆಂಗಳೂರಿನಲ್ಲಿ ಕಂಡ ಈ ಸತ್ಯ ನೈರೋಬಿಗೂ ಹೊರಗಿನದಲ್ಲ. ಇಲ್ಲಿಯ ಯುವಕರು ಸ್ವಾಹಿಲಿ, ಇಂಗ್ಲಿಷ್ ಹಾಗೂ ಇತರ ಭಾಷೆಗಳನ್ನು ಬೆರೆಸಿ ಆಡುವ ಶೆಂಗ್ ಮಾತನ್ನು ನಾವು ದಿನವೂ ಮಟಾಟುಗಳಲ್ಲಿ ಕೇಳುತ್ತೇವೆ. 1990ರ ದಶಕದ ಕೊನೆಯಲ್ಲಿ ಕೆನ್ಯಾಟಾ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು, ಜಾನ್ ಕಿಯಾರಿಯೆ, ವಾಲ್ಟರ್ ಮೊಂಗಾರೆ ಮತ್ತು ಟೋನಿ ಎಂಜುಗುನಾ, 'ರೆಡಿಕ್ಯುಲಸ್' ಎಂಬ ಹಾಸ್ಯ ತಂಡ ಕಟ್ಟಿದರು. 1978ರಿಂದ 2002ರವರೆಗೆ ಆಳಿದ ಅಧ್ಯಕ್ಷ ಮೋಯಿ ಅವರನ್ನು ಅಣಕಿಸುವುದಿರಲಿ, ಜೋರಾಗಿ ಟೀಕಿಸಲೂ ಜನ ಹಿಂದೆಮುಂದೆ ನೋಡುತ್ತಿದ್ದ ಕಾಲವಿತ್ತು. ಈ ಹುಡುಗರು ಅವರ ದನಿ, ನಡೆ, ಭಂಗಿಗಳನ್ನೇ ರಂಗಕ್ಕೂ ಟೆಲಿವಿಷನ್ನಿಗೂ ತಂದರು. ದೇಶ ನಕ್ಕಿತು. ಒಟ್ಟಿಗೆ ಕೂತು ನಕ್ಕವರಿಗೆ ಭಯ ಕಡಿಮೆಯಾಗುತ್ತದೆ.

ಇಷ್ಟು ಹೇಳಿ ನನ್ನ ಮನೆಯ ಒಂದು ಸಂಗತಿಯನ್ನು ನಿಮ್ಮ ಮುಂದಿಡಬೇಕು. ನನ್ನ ಮಗಳಿಗೆ ಆಗ ಆರು ವರ್ಷ. ರಜೆಗೆ ಊರಿಗೆ ಹೋದಾಗ, ನೆಂಟರೆಲ್ಲ ಕೂತಿದ್ದ ಪಡಸಾಲೆಯಲ್ಲಿ, "ಅಜ್ಜೀ, ಮಾಜಿ ಕೊಡಿ, ಪೋಲೆ ಪೋಲೆ ಕುಡೀತೀನಿ" ಎಂದಳು. ಸ್ವಾಹಿಲಿಯಲ್ಲಿ ಮಾಜಿ ಎಂದರೆ ನೀರು, ಪೋಲೆ ಪೋಲೆ ಎಂದರೆ ಮೆಲ್ಲಮೆಲ್ಲಗೆ ಎಂಬುದು ನಮಗೆ ಗೊತ್ತು, ಅವರಿಗೆ ತಿಳಿಯದು. "ಮಾಜಿ ಅಂದರೆ ಯಾರಮ್ಮ, ಮಂತ್ರಿಗಳೇ?" ಎಂದರೊಬ್ಬರು. "ಹುಡುಗಿ ಪೋಲಿಯಾಗಿದ್ದಾಳೆ" ಎಂದರಿನ್ನೊಬ್ಬರು. ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಂದಿನಿಂದ ಅವಳು ಅಜ್ಜಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದಳು. ಅಜ್ಜಿಗೆ ಇಂಗ್ಲಿಷ್ ಬಾರದು. ಅಜ್ಜಿ ತೀರಿಕೊಳ್ಳುವವರೆಗೂ ಅವರಿಬ್ಬರ ನಡುವೆ ಮಾತು ಮತ್ತೆ ಕೂಡಲಿಲ್ಲ.

ನಾಟಕದ ಚರಿತ್ರೆ ಓದಿದ ಮೇಲೆ ನನ್ನ ತಪ್ಪು ನನಗೆ ಸ್ಪಷ್ಟವಾಯಿತು. ಆ ಮಾತು ನಗೆ ತರುವಂಥದೇ, ಸಂಶಯವಿಲ್ಲ. ಕೈಲಾಸಂ ಕೇಳಿದ್ದರೆ ಬಿಡುತ್ತಿರಲಿಲ್ಲ. ಆದರೆ ಅವರು ಆ ಮಾತನ್ನು ಹುಡುಗಿಯ ಕೈಗೇ ಕೊಟ್ಟು, ಅವಳಿಂದ ಮಂತ್ರಿಯ ಮಾತೆತ್ತಿದ ನೆಂಟನನ್ನು ನಗೆಗೀಡು ಮಾಡಿಸುತ್ತಿದ್ದರು. ನಾವು ಅವಳ ಕೈಯಿಂದ ಅದನ್ನು ಕಿತ್ತುಕೊಂಡು ಅವಳ ಮೇಲೆಯೇ ಎಸೆದೆವು. ಹಾಸ್ಯಕ್ಕೂ ಅಪಹಾಸ್ಯಕ್ಕೂ ಇರುವ ಅಂತರ ಇಷ್ಟೇ.

ಆದಕಾರಣ ನನ್ನ ಬಿನ್ನಹ ಸರಳವಾದುದು. ನಮ್ಮ ಮಕ್ಕಳು ಕೈಲಾಸಂ ನಾಟಕವನ್ನು ಆಡುವುದಾದರೆ ಆಡಲಿ. ಆದರೆ ಅದರ ಜೊತೆಗೆ ಸೌತ್ ಸಿಯ ಒಂದು ಕನ್ನಡ ಮನೆಯನ್ನು ಕುರಿತು ತಾವೇ ಒಂದು ಚಿಕ್ಕ ಪ್ರಹಸನ ಬರೆಯಲಿ, ತಮ್ಮದೇ ಮಾತಿನಲ್ಲಿ. ಅದರಲ್ಲಿ ಸ್ವಾಹಿಲಿ ಬರಲಿ, ಇಂಗ್ಲಿಷ್ ಬರಲಿ, ಶೆಂಗ್ ಬರಲಿ. ಕ್ರಿಯಾಪದ ಕನ್ನಡದ್ದಾಗಿದ್ದರೆ ಮನೆಯ ತೊಲೆ ನಿಂತಂತೆಯೇ. ಶುದ್ಧ ಕನ್ನಡಕ್ಕಾಗಿ ಬಡಿದಾಡುವ ನಮ್ಮಂಥ ಹಿರಿಯರನ್ನೂ, ಆಸ್ಪತ್ರೆಯ ಮಾತು ಬಿಟ್ಟು ಬೇರೆ ಬಾರದ ವೈದ್ಯರನ್ನೂ ಅದರಲ್ಲಿ ಧಾರಾಳವಾಗಿ ಎಳೆದು ತರಲಿ. ನಾವು ಮೊದಲ ಸಾಲಿನಲ್ಲಿ ಕೂತು ನಗೋಣ.

ನನ್ನ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಈ ನಾಟಕದಲ್ಲಿ ದೀಪದ ಕೆಲಸ ನೋಡಿಕೊಳ್ಳುತ್ತೇನೆ, ಮಾತಿನ ಪಾತ್ರ ಮಾತ್ರ ಬೇಡ ಎಂದಿದ್ದಾಳೆ. ಬಲವಂತ ಮಾಡುವ ಅಧಿಕಾರ ನನಗಿಲ್ಲ. ಆದರೆ ಬರೆಯುವ ಮಕ್ಕಳು ನೀರಿನ ಲೋಟದ ಒಂದು ದೃಶ್ಯವನ್ನು ಸೇರಿಸಿಕೊಂಡರೆ, ಆ ನಕ್ಕ ಅಪ್ಪನ ಪಾತ್ರವನ್ನು ವಹಿಸಲು ನಾನು ಸಿದ್ಧನಿದ್ದೇನೆ.